ಕಾಶಿಯಲ್ಲಿ ಬಿಟ್ಟ ಶೇಂಗಾ

ಜೂನ್ ೩, ಮಂಗಳವಾರ

ಆದರೂ ಅಜವಾನದ ನೀರು ಕುಡಿದದ್ದು ತಪ್ಪೇನಲ್ಲ. ಮಗಳು ಆರತಿ ನಿನ್ನೆ ವಾಕಡದ ತನ್ನ ಮನೆಯಿಂದ ಬಂದು ಅಷ್ಟು ಬೈದಳೆಂದು ನಾನು ಬಾಯಿ ಮುಚ್ಚಿಕೊಂಡು ಕೂತೆ, ಅಷ್ಟೆ. ಹೊಟ್ಟೆ ತಿರುಚಿ ನೋಯುವಾಗ ಸಿಂದಗಿಯ ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಅದನ್ನೇ ಕುಡಿದವರು ನಾವು. ಎರಡು ತಿಂಗಳು ಅದನ್ನೇ ಕುಡಿಯುತ್ತ ಕೂತೆ ಎನ್ನುವುದು ಬೇರೆ ಮಾತು. ಅಷ್ಟರಲ್ಲಿ ಬಲಗೈಯ ಮಣಿಕಟ್ಟು ಸೋತುಹೋಯಿತು. ಚಹದ ಕಪ್ಪು ಎತ್ತಲು ಹೋದರೆ ಕೈ ಬಾಡಿದ ಬಳ್ಳಿಯ ಹಾಗೆ ಜೋಲುತ್ತದೆ. ಇದನ್ನೂ ಎಡಗೈಯಿಂದ ಬಲಗೈ ಹಿಡಿದುಕೊಂಡೇ ಬರೆಯುತ್ತಿದ್ದೇನೆ.

ಇವತ್ತು ರಕ್ತದ ರಿಪೋರ್ಟ್ ಬಂತು. ಡಾಕ್ಟರ್ ಅವಿನಾಶ್ ಅದನ್ನು ಎರಡು ಸಲ ಓದಿದರು. ಡಾಕ್ಟರು ಎರಡನೆಯ ಸಲ ಓದತೊಡಗಿದರೆ ರೋಗಿ ಹೆದರಬೇಕು ಎಂದು ಹೆಂಡತಿ ತ್ರಿವೇಣಿಯ ಕಾಲದಲ್ಲೇ ಕಲಿತಿದ್ದೇನೆ. ಕಾಕಾ, ನಿಮ್ಮ ರಕ್ತದಲ್ಲಿ ಸೀಸ ಇದೆ, ಬಹಳ ಇದೆ ಎಂದರು. ಲೆಡ್ ಪಾಯ್ಸನಿಂಗ್. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವನು ನಾನು, ಪಾಯ್ಸನ್ ಎಂದರೆ ಯಾರೋ ಹಾಕಿದ್ದು ಎಂದೇ ನನ್ನ ತಿಳಿವಳಿಕೆ. ನನಗೆ ಯಾರು ಹಾಕುತ್ತಾರೆ? ಒಬ್ಬನೇ ಮಾಡಿಕೊಂಡು ಉಣ್ಣುವವನು.

ನಾಳೆ ಅಡ್ಮಿಟ್. ಟೊಂಕದ ಕೆಳಗೆ ಆಳವಾಗಿ ಇಂಜೆಕ್ಷನ್ ಕೊಡುತ್ತಾರಂತೆ. ಅದು ಮೈಯೊಳಗೆ ಹೊಕ್ಕು ಸೀಸವನ್ನು ಹಿಡಿದುಕೊಂಡು ಮೂತ್ರದಲ್ಲಿ ಹೊರಗೆ ಒಯ್ಯುತ್ತದಂತೆ. ಹಾಗೆ ಹಿಡಿದುಕೊಂಡು ಹೋಗುವಾಗ ಬೇರೆ ಏನನ್ನಾದರೂ ಹಿಡಿದುಕೊಂಡು ಹೋದರೆ? ಕೇಳಬೇಕೆಂದಿದ್ದೆ, ಕೇಳಲಿಲ್ಲ. ಡಾಕ್ಟರ ಮುಂದೆ ನನಗೆ ಮಾತು ಬರುವುದಿಲ್ಲ, ಎಂದೂ ಬಂದಿಲ್ಲ. ತ್ರಿವೇಣಿ ಆಸ್ಪತ್ರೆಗೆ ತನ್ನ ಕಾಲಮೇಲೆ ತಾನು ನಡೆದುಕೊಂಡು ಹೋದಳು. ಸೂಜಿಯ ಮೇಲೆ ಸೂಜಿ ಚುಚ್ಚಿದರು, ನಾನು ಬಾಗಿಲ ಬಳಿ ಚಪ್ಪಲಿ ಕಾಯುತ್ತ ನಿಂತಿದ್ದೆ. ಬರುವಾಗ ಅವಳನ್ನು ಎತ್ತಿಕೊಂಡು ಬಂದೆವು.

ಎದುರು ಮನೆಯ ಅನುಸೂಯಾಬಾಯಿಯವರು ಬಂದು ಬೀಗದ ಕೈ ಇಸಿದುಕೊಂಡು ಹೋದರು. ಅವರು ಮಾರ್ಕೆಟ್ ಯಾರ್ಡಿನ ಅಂಗಡಿಗಳಿಗೆ ಖಡಕ್ ರೊಟ್ಟಿ ಮಾಡಿಕೊಡುವವರು, ಗಂಡ ತೀರಿ ಬಹಳ ವರ್ಷವಾಯಿತು, ತ್ರಿವೇಣಿಯ ಗೆಳತಿ. ತ್ರಿವೇಣಿ ಹೋದ ಮೇಲೂ ದಿನಾ ಎರಡು ರೊಟ್ಟಿ ಕಳಿಸುತ್ತಾರೆ. ಬಂದ ಡಬ್ಬಿ ಖಾಲಿ ಹಿಂದಕ್ಕೆ ಹೋಗಬಾರದಲ್ಲ, ನಾನು ಅದರಲ್ಲಿ ಹುಳಿಸಾರು ತುಂಬಿ ಕಳಿಸುತ್ತೇನೆ. ನನಗೆ ಬರುವುದು ಸಾರು ಮತ್ತು ಪುಂಡಿಪಲ್ಯ ಎರಡೇ. ಎರಡೂ ತ್ರಿವೇಣಿ ಹೇಳಿಕೊಟ್ಟದ್ದು, ಅವಳದೇ ಹಿತ್ತಾಳೆಯ ಪಾತೇಲಿಯಲ್ಲಿ.

ಜೂನ್ ೪, ಬುಧವಾರ

ವಾರ್ಡಿನಲ್ಲಿ ಕಿಟಕಿಯ ಪಕ್ಕದ ಕಾಟು ಸಿಕ್ಕಿತು. ಒಳ್ಳೆಯದೋ ಕೆಟ್ಟದೋ ತಿಳಿಯದು. ತ್ರಿವೇಣಿಗೂ ಕಿಟಕಿಯ ಪಕ್ಕವೇ ಸಿಕ್ಕಿತ್ತು.

ನರ್ಸಿನ ಹೆಸರು ಅನುಜಾ. ಚಿಕ್ಕ ವಯಸ್ಸು, ಬೆರಳು ತಣ್ಣಗೆ. ಸೂಜಿ ತುಂಬುವ ಮೊದಲು ಮರಾಠಿಯಲ್ಲಿ ಕೇಳಿದಳು, ಅಜೋಬಾ, ಶೇಂಗಾ ತಿಂದರೆ ತ್ರಾಸ ಆಗತದ ಏನು ಅಂತ. ನಾನು ತಮಾಷೆ ಎಂದುಕೊಂಡೆ. ಶೇಂಗಾ ಚಟ್ನಿಯಿಂದಲೇ ಬೆಳೆದ ಮೈ ಇದು ಎಂದೆ. ಅವಳು ನಗಲಿಲ್ಲ. ಈ ಔಷಧಿಯನ್ನು ಶೇಂಗಾ ಎಣ್ಣೆಯಲ್ಲಿ ಕಲಸಿರುತ್ತಾರಂತೆ, ಶೇಂಗಾ ಆಗದವರಿಗೆ ಕೊಟ್ಟರೆ ಗಂಟಲು ಕಟ್ಟಿ ಉಸಿರೇ ನಿಲ್ಲಬಹುದಂತೆ.

ನಿಲ್ಲಬಹುದಂತೆ! ಇದನ್ನು ಹೇಳಿ ಆಮೇಲೆ ಚುಚ್ಚುತ್ತಾರೆ. ಎಣ್ಣೆಯಾದ್ದರಿಂದ ಔಷಧಿ ನಿಧಾನ ಇಳಿಯುತ್ತದೆ. ಮಾಂಸದೊಳಗೆ ಯಾರೋ ಬೆಣೆ ಬಡಿದ ಹಾಗೆ. ಸ್ವಲ್ಪ ಹೊತ್ತಿಗೆ ತುಟಿ ಉರಿಯಿತು, ಕಣ್ಣಲ್ಲಿ ನೀರು, ಎದೆ ಡಬಡಬ. ಇದೇ ಉಸಿರು ನಿಲ್ಲುವ ಆರಂಭ ಎಂದುಕೊಂಡು ಅನುಜಾಳ ಕೈ ಹಿಡಿದುಕೊಂಡೆ. ಹೀಗೆ ಆಗುವುದೇ, ಇಳಿಯುತ್ತದೆ ಎಂದಳು. ಇಳಿಯಿತು. ಇಂಥದ್ದು ನಾಲ್ಕು ತಾಸಿಗೊಮ್ಮೆ ಎಂದೂ ಹೇಳಿದಳು.

ಜೂನ್ ೫

ಮತ್ತೆ. ಮತ್ತೆ. ನಡುವೆ ಎಣ್ಣೆಯಿಲ್ಲದ ಇನ್ನೊಂದು ಔಷಧಿ, ಬಾಟಲಿಯಿಂದ ನರಕ್ಕೆ. ಬಾಯಲ್ಲಿ ಕೊಳೆತ ಬೆಳ್ಳುಳ್ಳಿಯ ವಾಸನೆ. ತಳ್ಳುಗಾಡಿಯ ಗಾಲಿಯ ಸದ್ದು ಕೇಳಿದರೆ ಕಾಲು ತಣ್ಣಗಾಗುತ್ತವೆ.

ಜೂನ್ ೭, ಶನಿವಾರ

ಹೊಟ್ಟೆನೋವು ಇಳಿದಿದೆ. ಹೇಳಲು ಹೆದರಿಕೆ, ಹೇಳಿದರೆ ತಿರುಗಿ ಬಂದೀತು.

ಡಾಕ್ಟರ್ ಅವಿನಾಶ್ ಸ್ಟೂಲ್ ಎಳೆದುಕೊಂಡು ಕೂತು, ಈ ಸೀಸ ಎಲ್ಲಿಂದ ಬಂತು ಎಂದು ಕೇಳತೊಡಗಿದರು. ಭಸ್ಮ ತಿನ್ನುತ್ತೀರಾ, ಕೂದಲಿಗೆ ಬಣ್ಣ ಹಚ್ಚುತ್ತೀರಾ, ಮನೆಗೆ ಬಣ್ಣ ಹೊಡೆಸಿದಿರಾ. ಯಾವುದೂ ಇಲ್ಲ. ಯಾವ ಪಾತ್ರೆಯಲ್ಲಿ ಅಡಿಗೆ? ಇದಕ್ಕೆ ನನಗೆ ಉಮೇದು ಬಂತು. ಹಿತ್ತಾಳೆಯ ಪಾತೇಲಿ, ಕಲಾಯಿ ಮಾಡಿಸಿದ್ದು, ಸ್ಟೀಲು ಅಲ್ಯುಮಿನಿಯಂ ನಮ್ಮ ಮನೆಯಲ್ಲಿ ನಡೆಯುವುದಿಲ್ಲ ಎಂದೆ. ಹೋದ ವರ್ಷ ತ್ರಿವೇಣಿಯ ವರ್ಷಾಂತಿಕದ ಮುಂದೆ ಓಣಿಗೆ ಕಲಾಯಿಯವನು ಬಂದಿದ್ದ. ಅವನ ಚೀಲದಲ್ಲಿದ್ದ ತವರ ನನಗೆ ಮನಸ್ಸಿಗೆ ಬರಲಿಲ್ಲ. ನಾನು ರೇಡಿಯೋ ಕಾರ್ಖಾನೆಯ ಸ್ಟೋರಿನಲ್ಲಿ ಮೂವತ್ತು ವರ್ಷ ಇದ್ದವನು. ಕಾರ್ಖಾನೆ ಮುಚ್ಚಿದ ದಿನ ನೆನಪಿಗೆಂದು ಎಲ್ಲರಿಗೂ ಒಂದೊಂದು ಟಿನ್ ಬಾರ್ ಕೊಟ್ಟಿದ್ದರು, ನನ್ನದು ಮೇಜಿನ ಮೇಲೆ ಕಾಗದ ಹಾರದಂತೆ ಇಡುವ ವಸ್ತುವಾಗಿತ್ತು. ಅದನ್ನೇ ತಂದುಕೊಟ್ಟು, ಇದನ್ನು ಹಚ್ಚಪ್ಪಾ, ನನ್ನ ಹೆಂಡತಿಯ ಪಾತೇಲಿಗೆ ನಮ್ಮ ಕಾರ್ಖಾನೆಯ ತವರ ಬೀಳಲಿ ಎಂದೆ. ಕನ್ನಡಿಯಂತೆ ಹೊಳೆಯಿತು.

ಡಾಕ್ಟರು ಪೆನ್ನು ಮುಚ್ಚಿದರು. ಆ ಬಾರನ್ನು ಕಾರ್ಖಾನೆಯಲ್ಲಿ ಏತಕ್ಕೆ ಬಳಸುತ್ತಿದ್ದರು? ತಂತಿ ಬೆಸೆಯಲು. ಕಾಕಾ, ಬೆಸುಗೆಯ ಬಾರಿನಲ್ಲಿ ತವರದಷ್ಟೇ ಸೀಸವೂ ಇರುತ್ತದೆ, ಹುಳಿ ಬಿದ್ದರೆ ಅದು ಅಡಿಗೆಯಲ್ಲಿ ಬಿಟ್ಟುಕೊಳ್ಳುತ್ತದೆ ಎಂದರು.

ಸ್ಟೋರಿನಲ್ಲಿ ನಾವೆಲ್ಲ ಅದನ್ನು ಟಿನ್ ಎಂದೇ ಅನ್ನುತ್ತಿದ್ದೆವು. ಬಂದದ್ದು ಎಷ್ಟು, ಹೋದದ್ದು ಎಷ್ಟು ಎನ್ನುವುದು ನಮ್ಮ ಕೆಲಸ. ಒಳಗೆ ಏನಿದೆ ಎಂದು ಯಾರು ಕೇಳುತ್ತಾರೆ. ಹೀಗೆಂದು ಹೇಳುತ್ತಿದ್ದವನು ನಡುವೆ ನಿಂತೆ. ಡಬ್ಬಿ ನೆನಪಾಯಿತು. ಒಂದು ವರ್ಷದಿಂದ ಎದುರು ಮನೆಗೆ ಹೋಗುವ ಡಬ್ಬಿ.

ಸಂಜೆ ಅನುಸೂಯಾಬಾಯಿಯವರೇ ಬಂದರು. ಬರುತ್ತಲೇ, ‘ಏನ್ ಸಾಹೇಬ್ರ, ಸೂಜಿ ಚುಚ್ಚಿದ್ರ ಆ ಹುಡುಗಿ ಕೈ ಹಿಡಕೊಂಡು ಅಳತೀರಂತ’ ಎಂದರು. ಸ್ಟೋರ್‌ಕೀಪರ್ ಆಗಿದ್ದವನನ್ನು ಸಾಹೇಬರೆಂದು ಕರೆಯುವುದು ಅವರ ಹಳೆಯ ಚಾಷ್ಟಿ. ನಾನು ಪಾತೇಲಿಯ ವಿಷಯ ಹೇಳಿದೆ, ನಾಳೆಯೇ ರಕ್ತ ಕೊಟ್ಟು ತೋರಿಸಿಕೊಳ್ಳಿ ಎಂದೆ.

‘ನನ್ನ ಹೊಟ್ಯಾಗ ಜ್ವಾಳದ ಖಡಕ್ ರೊಟ್ಟಿ ಅರಗತಾವ, ನಿಮ್ಮ ತವರ ಅರಗೂದಿಲ್ಲೇನ್ರಿ?’

ಹೊಟ್ಟೆ ನೋಯುವುದಿಲ್ಲವೇ ಎಂದೆ. ಯಾವ ಹೆಣ್ಣುಮಗಳಿಗೆ ನೋಯುವುದಿಲ್ಲ ಎಂದರು. ಆಷಾಢದ ಯಾತ್ರೆಯ ಪಾಲಕಿ ಬರಲಿ, ಅದರ ಹಿಂದೆ ಸಾಸವಡದ ತನಕ ನಡೆದು ಬರುತ್ತೇನೆ, ಒಂದು ವರ್ಷವೂ ತಪ್ಪಿಸಿಲ್ಲ, ಆಮೇಲೆ ನೋಡೋಣ ಎಂದರು. ಮಾತು ತಿರುಗಿಸಲು ನಾನು ಶೇಂಗಾ ಎಣ್ಣೆಯ ಇಂಜೆಕ್ಷನ್ನಿನ ಕಥೆ ಹೇಳಿದೆ.

‘ಹಂಗಾರ ನನಗ ಅದು ನಡಿಯೂದಿಲ್ಲ ಬಿಡ್ರಿ. ನಾ ಶೇಂಗಾ ಕಾಶಿಯೊಳಗ ಬಿಟ್ಟೀನಿ.’

ಇದು ನನಗೆ ಗೊತ್ತಿದ್ದದ್ದೇ. ಕಾಶಿಗೆ ಹೋದವರು ತಮಗೆ ಬೇಕಾದ ಒಂದು ಪದಾರ್ಥವನ್ನು ಅಲ್ಲಿ ಬಿಟ್ಟು ಬರುತ್ತಾರೆ, ಆಮೇಲೆ ಜೀವ ಇರುವ ತನಕ ಮುಟ್ಟುವುದಿಲ್ಲ. ಇವರಿಗೆ ಚಿಕ್ಕಂದಿನಿಂದ ಶೇಂಗಾ ಸೇರುತ್ತಿರಲಿಲ್ಲವಂತೆ, ಬಾಯಿ ತುರಿಸುತ್ತಿತ್ತಂತೆ. ಅತ್ತೆ ಹೇಳಿದರಂತೆ, ಹೆಂಗೂ ತಿನ್ನೂದಿಲ್ಲ, ಅದನ್ನ ಬಿಟ್ಟು ಬಾ, ದೇವರಿಗೂ ಆತು ನಿನಗೂ ಆತು. ತ್ರಿವೇಣಿ ಇದನ್ನು ಹೇಳಿಕೊಂಡು ಬಹಳ ನಗುತ್ತಿದ್ದಳು. ಮಂದಿ ಪ್ರೀತಿಯದು ಬಿಟ್ಟು ಬಂದರೆ ನೀವು ಬೇಡಾದದ್ದು ಬಿಟ್ಟು ಬಂದಿರಿ, ವಿಶ್ವನಾಥನಿಗೇ ಮೋಸ ಎಂದೆ ನಾನು.

‘ವಿಶ್ವನಾಥ ಏನು ನಿಮ್ಮಂಗ ಸ್ಟೋರ್‌ಕೀಪರ್ ಏನ್ರಿ, ಅಷ್ಟೆಲ್ಲಾ ಲೆಕ್ಕಾ ಇಡಾಕ?’ ಎಂದರು. ಆಮೇಲೆ ಸ್ವಲ್ಪ ಸಣ್ಣ ದನಿಯಲ್ಲಿ, ಒಮ್ಮೆ ಮಾತ್ರ ಇಟ್ಟ ಎಂದರು. ಒಂದು ಪಂಚಮಿಗೆ ಯಾರೋ ಕೊಟ್ಟ ಎಳ್ಳುಂಡಿಯಲ್ಲಿ ಶೇಂಗಾ ಪುಡಿ ಬೆರೆತಿತ್ತು. ತುಟಿ ಬಾತು, ಗಂಟಲು ಕಟ್ಟಿ, ತ್ರಿವೇಣಿಯೇ ರಿಕ್ಷಾದಲ್ಲಿ ಹಾಕಿಕೊಂಡು ಓಡಿದ್ದಳು. ವ್ರತ ಮುರಿದದ್ದಕ್ಕೆ ಆ ಶಿಕ್ಷೆ. ಅಂದಿನಿಂದ ಸೋಮವಾರ ಉಪವಾಸ ಹಿಡಿದಿದ್ದಾರೆ.

ಹೋಗುವಾಗ ಡಬ್ಬಿ ಇಟ್ಟು ಹೋದರು. ರೊಟ್ಟಿ ಇದ್ದವು. ನಾನು ಇಲ್ಲಿಂದ ಏನು ತುಂಬಿ ಕಳಿಸಲಿ?

ಜೂನ್ ೧೧, ಬುಧವಾರ

ಮನೆಗೆ ಬಂದಿದ್ದೇನೆ. ಗುಳಿಗೆ ಕೊಟ್ಟಿದ್ದಾರೆ, ತಿಂಗಳು ಬಿಟ್ಟು ಮತ್ತೆ ರಕ್ತ ನೋಡುತ್ತಾರೆ. ಸೀಸ ಎಲುಬಿನೊಳಗೂ ಅಡಗಿ ಕೂತಿರುತ್ತದಂತೆ, ನಿಧಾನ ಹೊರಗೆ ಬರುತ್ತದಂತೆ. ನನ್ನದೇ ಎಲುಬಿಗೆ ನಾನು ಹೆದರಬೇಕು.

ಪಾತೇಲಿಯನ್ನು ಗುಜರಿಗೆ ಹಾಕುತ್ತೇನೆಂದು ಆರತಿ ಎತ್ತಿಕೊಂಡಳು. ಬೇಡ ಎಂದೆ. ತ್ರಿವೇಣಿಯ ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದೆವು. ಒಲೆಯ ಮೇಲೆ ಅದರ ಜಾಗ ನೋಡಲಾಗುವುದಿಲ್ಲ.

ರೊಟ್ಟಿಯ ಡಬ್ಬಿಗೆ ಸಕ್ಕರೆ ತುಂಬಿ ಹಿಂದಕ್ಕೆ ಕಳಿಸಿದೆ. ಬಾಗಿಲಲ್ಲೇ ನಿಂತು ಕೇಳಿದರು, ‘ಸಾಹೇಬ್ರ ಮನ್ಯಾಗ ಯಾರಿಗೆ ಗಂಡುಹುಡುಗ ಹುಟ್ಟೇತಿ, ಸಕ್ಕರಿ ಹಂಚಾಕತ್ತೀರಿ?’ ರಕ್ತ ಕೊಟ್ಟಿರಾ ಎಂದೆ. ಪಾಲಕಿ ಆಗಲಿ ಎಂದೆನಲ್ಲ ಎಂದರು.

ಜೂನ್ ೧೬, ಸೋಮವಾರ

ಎದುರು ಮನೆಯಿಂದ ರೊಟ್ಟಿ ತಟ್ಟುವ ಸದ್ದು ಕೇಳುತ್ತದೆ. ಇಷ್ಟು ವರ್ಷ ಕೇಳಿಯೂ ಕೇಳದ ಸದ್ದು, ಫ್ಯಾನಿನ ಸದ್ದಿನ ಹಾಗೆ. ಈಗ ಮುಂಜಾನೆ ಎದ್ದು ಅದಕ್ಕೇ ಕಿವಿ ಕೊಟ್ಟು ಕೂರುತ್ತೇನೆ. ಮೊದಲು ಒಂದೇ ಸಮನೆ ಮಳೆ ಬಿದ್ದಂತೆ ಇರುತ್ತಿತ್ತು. ಈಗ ನಡುವೆ ನಿಲ್ಲುತ್ತದೆ. ನಿಂತಾಗ ನನ್ನ ಎದೆಯಲ್ಲಿ ಆ ಇಂಜೆಕ್ಷನ್ನಿನ ಡಬಡಬ ಶುರುವಾಗುತ್ತದೆ. ಮತ್ತೆ ತಟ್ಟಿದರೆ ಉಸಿರು ಬಿಡುತ್ತೇನೆ.

ಇವತ್ತು ಡಬ್ಬಿ ಕೊಡಲು ಬಂದವರು ಒಳಗೆ ಇಣುಕಿ, ‘ತ್ರಿವೇಣಿ ಎಲ್ಲಿ ಹೋಗ್ಯಾಳ್ರಿ?’ ಎಂದರು.

ನಾನು ಡಬ್ಬಿ ಇಸಿದುಕೊಂಡೆ. ಅವರು ಸೆರಗು ಸರಿಮಾಡಿಕೊಂಡು ಹೊರಟುಹೋದರು. ನಾನು ಬಾಗಿಲು ಹಾಕಿಕೊಂಡು ನಿಂತೆ.

ಅನುಸೂಯಾಬಾಯಿಯ ಅಣ್ಣನ ಮಗ ಮಾಂತು ಯಾರ್ಡಿನಲ್ಲಿ ಟೆಂಪೋ ಓಡಿಸುತ್ತಾನೆ. ಅವನಿಗೆ ಫೋನ್ ಮಾಡಿ ಹೇಳಿದೆ. ಅತ್ತೆ ಯಾರ ಮಾತು ಕೇಳುತ್ತಾಳೆ ಕಾಕಾ, ಪಾಲಕಿ ಮುಗಿದ ದಿನವೇ ಕರೆದುಕೊಂಡು ಹೋಗುತ್ತೇನೆ ಎಂದ. ಕೈ ಹಿಡಿದು ಎಳೆದುಕೊಂಡು ಹೋಗಬೇಕು. ಆದರೆ ಎಳೆಯಲು ನಾನು ಯಾರು? ಐ ಆಮ್ ನೋಬಡಿ. ಹೆಂಡತಿಯ ಗೆಳತಿ, ಎದುರು ಮನೆ.

ಜೂನ್ ೨೧

ಸದ್ದಿಲ್ಲ. ಪಾಲಕಿ ಊರಲ್ಲಿದೆ, ಎರಡು ಚೀಲ ರೊಟ್ಟಿ ಅದರ ಜೊತೆ ನಡೆಯುವ ವಾರಕರಿಗಳಿಗೆ ಕೊಡಲು ಹೋಗಿದ್ದಾರೆ. ನಾಳೆ ಬೆಳಗಾಗುವ ಮೊದಲೇ ನಡೆಯುತ್ತಾರಂತೆ. ಬೇಡ ಎನ್ನಲು ಬಾಗಿಲಿನ ತನಕ ಹೋದೆ. ಬೀಗ ಹಾಕಿತ್ತು.

ಜೂನ್ ೨೩, ಸೋಮವಾರ

ಮೊದಲಿನಿಂದ ಬರೆಯಬೇಕು, ಇಲ್ಲದಿದ್ದರೆ ಹುಚ್ಚು ಹಿಡಿಯುತ್ತದೆ.

ನಿನ್ನೆ ದಿವೆ ಘಾಟು ಏರಿ ಸಾಸವಡ ಇನ್ನೇನು ಬಂತು ಎನ್ನುವಾಗ ಅನುಸೂಯಾಬಾಯಿ ರಸ್ತೆಯ ಬದಿಗೆ ಕುಸಿದು ಬಿದ್ದರು. ಕೈಕಾಲು ಸೆಟೆದು ಫಿಟ್ಸ್ ಬಂತು. ಸುದ್ದಿ ತಿಳಿದು ಮಾಂತು ಹೋಗಿ ಟೆಂಪೋದಲ್ಲಿ ಹಾಕಿಕೊಂಡು ನನ್ನನ್ನು ಇಟ್ಟಿದ್ದ ಆಸ್ಪತ್ರೆಗೇ ತಂದ. ಡಾಕ್ಟರ್ ಅವಿನಾಶರಿಗೆ ನನ್ನ ಡಬ್ಬಿಯ ಕಥೆ ಗೊತ್ತಿತ್ತು, ರಾತ್ರಿಯೇ ರಕ್ತ ಕಳಿಸಿದರು. ಇವತ್ತು ಬೆಳಿಗ್ಗೆ ರಿಪೋರ್ಟ್. ನನಗಿಂತ ಹೆಚ್ಚು. ಸೀಸ ತಲೆಗೆ ಏರಿದೆ, ತಡಮಾಡದೆ ಇಂಜೆಕ್ಷನ್ ಶುರುಮಾಡಬೇಕು ಎಂದರು. ನನ್ನ ಸಾರು. ನಾನೇ ತುಂಬಿ, ಬಟ್ಟೆಯಿಂದ ಡಬ್ಬಿಯ ಅಂಚು ಒರೆಸಿ ಕಳಿಸಿದ್ದು.

ನಾನು ವಾರ್ಡಿನ ಬಾಗಿಲಲ್ಲಿ ನಿಂತಿದ್ದೆ. ಕೈಯಲ್ಲಿ ಅವಳ ಚಪ್ಪಲಿ ಇದ್ದವು, ಘಾಟಿನ ಕೆಸರು ಮೆತ್ತಿದವು. ಅನುಜಾ ಗಾಲಿಗಾಡಿ ತಳ್ಳಿಕೊಂಡು ಬಂದಳು. ಆ ಸಣ್ಣ ಬಾಟಲಿ, ಆ ಹಳದಿ ಎಣ್ಣೆ, ಆ ಉದ್ದ ಸೂಜಿ. ಮುಖ ತಿರುಗಿಸಿದೆ. ರೋಗಿಗೆ ಎಚ್ಚರವಿಲ್ಲವಲ್ಲ, ಅನುಜಾ ಮಾಂತುವನ್ನು ಕೇಳಿದಳು, ಶೇಂಗಾದಿಂದ ಏನಾದರೂ ತ್ರಾಸ ಇದೆಯಾ. ಮಾಂತು ಇಲ್ಲ ಎಂದ. ‘ಅತ್ತಿ ಕಾಶ್ಯಾಗ ಬಿಟ್ಟಾಳ, ತಿನ್ನೂದಿಲ್ಲ ಅಷ್ಟ. ಔಷಧಕ್ಕ ದೋಷಾ ಇಲ್ರಿ’ ಎಂದು ಅದನ್ನೇ ಮರಾಠಿಯಲ್ಲೂ ಹೇಳಿದ. ವ್ರತ ಎಂಬಷ್ಟು ಅನುಜಾಳಿಗೆ ತಿಳಿಯಿತು. ತಲೆಯಾಡಿಸಿ ಸೂಜಿ ಮೇಲೆತ್ತಿ ಗುಳ್ಳೆ ಹೊರಗೆ ಬಿಟ್ಟಳು.

ಮಾಂತು ಹೇಳಿದ್ದರಲ್ಲಿ ತಪ್ಪೇನಿದೆ? ನಾವೆಲ್ಲರೂ ಹಾಗೇ ಹೇಳುತ್ತಿದ್ದೆವು. ನಾನೂ ನಕ್ಕಿದ್ದೆ. ವ್ರತ ಅಂತ ನಂಬಿದ್ದೆ, ಶಿಕ್ಷೆ ಅಂತ ನಂಬಿದ್ದೆ. ಆದರೆ ಮುಖ ತಿರುಗಿಸಿ ನಿಂತ ನನಗೆ ಆ ಪಂಚಮಿಯ ಮಧ್ಯಾಹ್ನ ಕಂಡಿತು. ತ್ರಿವೇಣಿ ರಿಕ್ಷಾದಿಂದ ಇಳಿದು, ಇನ್ನೂ ನಡುಗುತ್ತ, ಅಕಿ ಬಾಯಿ ತೆರೆದರೂ ಗಾಳಿ ಒಳಗೆ ಹೋಗುತ್ತಿರಲಿಲ್ಲರೀ ಎಂದದ್ದು. ಅನುಸೂಯಾಗೆ ಆ ಉಂಡಿಯಲ್ಲಿ ಶೇಂಗಾ ಇದೆ ಎಂದು ಗೊತ್ತೇ ಇರಲಿಲ್ಲವಲ್ಲ. ಗೊತ್ತಿಲ್ಲದೆ ತಿಂದವಳಿಗೆ ಯಾವ ದೇವರು ಗಂಟಲು ಹಿಡಿಯುತ್ತಾನೆ?

ಬಾಯಿಂದ ಏನು ಬಂತು ಎಂದರೆ, ‘ಸಿಸ್ಟರ್, ಐ ಬೆಗ್ ಟು ಸ್ಟೇಟ್.’ ಕಾಲೇಜಿನಲ್ಲಿ ರಜೆ ಅರ್ಜಿಗೆ ಬರೆಯುತ್ತಿದ್ದದ್ದು! ಮುಂದಿನದು ಇಂಗ್ಲಿಷಿನಲ್ಲೂ ಬರಲಿಲ್ಲ, ಮರಾಠಿಯಲ್ಲೂ ಬರಲಿಲ್ಲ. ಚಪ್ಪಲಿ ಬಿದ್ದವು. ಹೋಗಿ ಕಾಟಿಗೂ ಸೂಜಿಗೂ ನಡುವೆ ನಿಂತೆ. ‘ಕೊಡಬ್ಯಾಡ್ರಿ. ಶೇಂಗಾ ತಿಂದ್ರ ಅಕಿಗೆ ಉಸಿರು ನಿಲ್ಲತದ’ ಎಂದು ಕನ್ನಡದಲ್ಲೇ ಹೇಳಿದೆ. ಅನುಜಾಳಿಗೆ ಕನ್ನಡ ಬಾರದು, ಆದರೂ ಕೈ ಹಿಂದಕ್ಕೆ ತೆಗೆದಳು. ಮಾಂತು, ಕಾಕಾ ಅದು ಬರೀ ವ್ರತ ಎಂದು ನನ್ನನ್ನು ಸರಿಸಲು ಬಂದ. ಸರಿಯಲಿಲ್ಲ.

ಡಾಕ್ಟರು ಬಂದರು. ಉಂಡಿಯ ದಿನದ್ದೆಲ್ಲ ಹೇಳಿದೆ, ತುಟಿ, ಗಂಟಲು, ರಿಕ್ಷಾ. ಬಾಟಲಿಯನ್ನು ವಾಪಸ್ ಟ್ರೇಯಲ್ಲಿ ಇಡಿಸಿದರು. ತಲೆಗೇರಿದಾಗ ಮೊದಲು ಕೊಡಬೇಕಾದದ್ದು ಇದೇ, ಆದರೆ ಹೀಗಿದ್ದರೆ ಕೊಡಲಾರೆ ಎಂದರು. ನನಗೆ ಆಮೇಲೆ ನರದಲ್ಲಿ ಹಾಕಿದ್ದ ಆ ಎಣ್ಣೆಯಿಲ್ಲದ ಔಷಧಿಯನ್ನೇ ಬಾಟಲಿಯಲ್ಲಿ ಹಚ್ಚಿ, ಮೂಗಿನ ನಳಿಗೆಯಿಂದ ಗುಳಿಗೆಯ ಪುಡಿ ಕೊಟ್ಟು ನೋಡುತ್ತೇವೆ ಎಂದರು. ಎರಡು ದಿನ ಕಳೆಯದೆ ಏನೂ ಹೇಳುವಂತಿಲ್ಲ.

ನಾನು ತಡೆದದ್ದು ಬದುಕಿಸಿತೋ, ಬದುಕಿಸುವ ಔಷಧಿಯನ್ನೇ ತಡೆದೆನೋ? ಯಾರೂ ಹೇಳಲಾರರು. ಬಿದ್ದ ಚಪ್ಪಲಿ ಹುಡುಕಿ, ಜೋಡಿಸಿ ಕಾಟಿನ ಕೆಳಗೆ ಇಟ್ಟೆ.

ಜೂನ್ ೨೪

ಫಿಟ್ಸ್ ಮತ್ತೊಮ್ಮೆ ಬಂತು. ಆಮೇಲೆ ಇಲ್ಲ. ಮಾಂತು ಕಾರಿಡಾರ್‌ನಲ್ಲಿ ಗೋಡೆಗೆ ಒರಗಿ ಮಲಗಿದ್ದಾನೆ, ನನ್ನ ಜೊತೆ ಮಾತಾಡುತ್ತಿಲ್ಲ.

ಜೂನ್ ೨೫, ಬುಧವಾರ

ಆರತಿ ಮನೆಗೆ ಹೋಗಿ ಮಲಗು ಎಂದು ಬೈದು ಹೋದಳು. ಮಲಗಲು ಹೋಗಲಿಲ್ಲ. ಮಾಂತು ಮಧ್ಯಾಹ್ನ ಎರಡು ಚಹಾ ತಂದು, ಒಂದನ್ನು ಮಾತಿಲ್ಲದೆ ನನ್ನ ಮುಂದೆ ಇಟ್ಟ.

ಅನುಸೂಯಾ ಕಣ್ಣು ಬಿಟ್ಟಿದ್ದಾಳೆ. ಬಿಡುತ್ತಾಳೆ, ಮುಚ್ಚುತ್ತಾಳೆ. ನಳಿಗೆ ತೆಗೆದ ಮೇಲೆ ಮೊದಲು ಕೇಳಿದ್ದು ರೊಟ್ಟಿಯ ಚೀಲ ಎಲ್ಲಿ ಎಂದು. ವಾರಕರಿಗಳು ತಿಂದರು ಎಂದೆ. ಶೇಂಗಾದ ಮಾತು ಹೇಳಿದೆ. ಶಿಕ್ಷೆಯಲ್ಲ, ನಿನ್ನ ಮೈಗೆ ಅದು ಆಗುವುದೇ ಇಲ್ಲ, ಡಾಕ್ಟರು ಕೇಸ್ ಪೇಪರಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ ಎಂದೆ. ಕಣ್ಣು ಮುಚ್ಚಿದಳು. ನಿದ್ದೆ ಹೋದಳೆಂದುಕೊಂಡೆ.

‘ಹಂಗಾರ ಇಷ್ಟು ಸೋಮವಾರ ಉಪಾಸ ಬಿದ್ದದ್ದೆಲ್ಲಾ ಸುಳ್ಳೇ ಏನ್ರಿ ಸಾಹೇಬ್ರ’ ಎಂದಳು.

ನಗು ಬಂತು, ಜೊತೆಗೆ ಏನೋ ಒಂದು ಎದೆಯಿಂದ ಇಳಿಯಿತು. ಆದರೆ ಅದೇ ಗಳಿಗೆಯಲ್ಲಿ ಅವಳ ಕಣ್ಣು ಮತ್ತೆ ಎತ್ತಲೋ ಸರಿಯಿತು. ‘ತ್ರಿವೇಣಿ ಎಲ್ಲಿ?’ ಎಂದಳು.

‘ಅಕಿ ಹೋಗಿ ಎರಡು ವರ್ಷ ಆತು. ನಾ ಇದ್ದೀನಿ ಇಲ್ಲೇ’ ಎಂದೆ.

ಹೂಂ ಎಂದಳು. ತಿಳಿಯಿತೋ ಇಲ್ಲವೋ. ಮೂತ್ರದ ಚೀಲದಲ್ಲಿ ಸೀಸ ಇಳಿಯುತ್ತಿದೆಯಂತೆ, ತಲೆಯಲ್ಲಿದ್ದದ್ದು ಎಷ್ಟು ಇಳಿಯುತ್ತದೋ ನೋಡಬೇಕು ಎಂದರು ಡಾಕ್ಟರು. ಮುಂಜಾನೆ ಒಂದು ತಾಸು ಮನೆಗೆ ಹೋಗಿ ಅವಳಿಗೆಂದು ಹೊಸ ಸ್ಟೀಲಿನ ಪಾತ್ರೆಯಲ್ಲಿ ಸಾರು ಮಾಡಿ ತಂದಿದ್ದೆ, ಹುಳಿಯಿಲ್ಲದ್ದು. ಚೆನ್ನಾಗಿಲ್ಲ. ಡಬ್ಬಿ ಇಲ್ಲೇ ಸ್ಟೂಲಿನ ಮೇಲಿದೆ, ಮುಚ್ಚಳ ತೆಗೆಯಲು ಇನ್ನೂ ಧೈರ್ಯ ಬಂದಿಲ್ಲ.

ನಿದ್ದೆಯಲ್ಲಿ ಅವಳ ಕೈ ರೊಟ್ಟಿ ತಟ್ಟುತ್ತಿದೆ. ಮೊದಲು ಹಾಸಿಗೆಯ ಮೇಲೆ ತಟ್ಟುತ್ತಿತ್ತು, ಸಲೈನಿನ ಸೂಜಿ ಕದಲೀತೆಂದು ನಾನು ಎಡಗೈಯನ್ನು ಅದರ ಕೆಳಗೆ ಇಟ್ಟೆ. ಬಲಗೈ ಈಗ ಆಸರೆಯಿಲ್ಲದೆ ಒಂದಿಷ್ಟು ಬರೆಯುತ್ತದೆ. ಈಗ ನನ್ನ ಅಂಗೈ ಮೇಲೆ ತಟ್ಟುತ್ತಿದ್ದಾಳೆ. ಹಗುರ. ಪೆಟ್ಟುಗಳು ಒಂದೇ ಸಮನೆ ಬರುತ್ತವೆ, ಆಮೇಲೆ ನಡುವೆ ನಿಲ್ಲುತ್ತವೆ. ನಿಂತಾಗ ನಾನೂ ಬರೆಯುವುದನ್ನು ನಿಲ್ಲಿಸುತ್ತೇನೆ.

ಹೊರಗೆ ಮೋಡ ಇಳಿದಿದೆ. ಪುಟದ ಗೆರೆ ಕಾಣುವುದು ಕಷ್ಟವಾಗುತ್ತಿದೆ, ಬೆಳಕು ಹೋಗುತ್ತಿದೆ. ಎದ್ದು ಗುಂಡಿ ಒತ್ತಿದರೆ ದೀಪ ಹತ್ತುತ್ತದೆ. ಈಗ ನಿಂತಿದೆ ಕೈ. ಇನ್ನೊಂದು ಸಲ ತಟ್ಟಲಿ, ಆಮೇಲೆ ಏಳುತ್ತೇನೆ.